ಗೋಡೆಯ ಗೀಟು, ಲೋಟದ ನೀರು: ಶಾಲೆಗೆ ಹೋಗುವ ಮಗುವಿನ ಬೆಳವಣಿಗೆಯನ್ನು ಮನೆಯಲ್ಲೇ ಗಮನಿಸುವುದು ಹೇಗೆ?

ಮಗು ಚಿಕ್ಕದಿದ್ದಾಗ ಅಂಗನವಾಡಿಯಲ್ಲಿ ತೂಗುತ್ತಿದ್ದರು, ತಾಯಿ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದರು. ಒಂದನೇ ತರಗತಿಗೆ ಸೇರಿದ ಮೇಲೆ ಆ ಕಾರ್ಡು ಬೀರು ಸೇರುತ್ತದೆ. ಅಲ್ಲಿಂದ ಮುಂದೆ ನಾವು ನೋಡುವುದು ಅಂಕಪಟ್ಟಿಯನ್ನು ಮಾತ್ರ. 6ರಿಂದ 12 ವರ್ಷದ ನಡುವೆ ದೇಹ ನಿಧಾನವಾಗಿ ಬೆಳೆಯುವುದರಿಂದ ಬೆಳವಣಿಗೆ ನಿಂತರೂ ಮನೆಯವರಿಗೆ ಬೇಗ ತಿಳಿಯುವುದಿಲ್ಲ. ಅದನ್ನು ಹಿಡಿಯಲು ಒಂದು ಸ್ಟೀಲ್ ಟೇಪು, ಪೆನ್ಸಿಲ್, ಮೂರು ಲೋಟ ಮತ್ತು ಒಂದು ನೋಟ್‌ಬುಕ್ ಸಾಕು.

ಮೊದಲು ಎತ್ತರ

ನೆಲ ಸಮವಾಗಿರುವ ಕಡೆ ಮಗುವನ್ನು ಗೋಡೆಗೆ ಬೆನ್ನು ಮಾಡಿ ಬರಿಗಾಲಿನಲ್ಲಿ ನಿಲ್ಲಿಸಿ. ಜಡೆ, ಜುಟ್ಟು ಬಿಚ್ಚಿಸಿ. ಹಿಮ್ಮಡಿ, ಪೃಷ್ಠ, ಬೆನ್ನಿನ ಮೇಲ್ಭಾಗ ಗೋಡೆಗೆ ತಾಗಬೇಕು; ನೋಟ ನೇರ ಎದುರಿಗಿರಬೇಕು. ಎತ್ತರ ಕಾಣಿಸಬೇಕೆಂಬ ಆಸೆಗೆ ಮಕ್ಕಳು ಗಲ್ಲ ಎತ್ತುತ್ತಾರೆ, ಹಿಮ್ಮಡಿಯನ್ನೂ ಎತ್ತುತ್ತಾರೆ, ಕಣ್ಣಿಡಿ. ರಟ್ಟಿನ ಪುಸ್ತಕವೊಂದನ್ನು ನೆತ್ತಿಯ ಮೇಲೆ ಮಟ್ಟಸವಾಗಿಟ್ಟು, ಅದರ ಅಂಚನ್ನು ಗೋಡೆಗೆ ಒತ್ತಿ ಹಿಡಿದು, ಪುಸ್ತಕದ ಅಡಿಗೆ ಗೀಟು ಎಳೆಯಿರಿ. ಗೀಟಿನ ಪಕ್ಕದಲ್ಲೇ ತಾರೀಕು ಬರೆಯಿರಿ. ದರ್ಜಿಯ ಬಟ್ಟೆಯ ಟೇಪು ಹಿಗ್ಗಿರುತ್ತದೆ, ಅದು ಬೇಡ. ದಿನವೆಲ್ಲ ಓಡಾಡಿದಾಗ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಅಮುಕಿಕೊಂಡು ಸಂಜೆಗೆ ಎತ್ತರ ತುಸು ತಗ್ಗುತ್ತದೆ. ಆದ್ದರಿಂದ ಪ್ರತಿ ಸಲವೂ ಬೆಳಗಿನ ಹೊತ್ತಿನಲ್ಲೇ ಅಳೆಯುವುದು ಒಳ್ಳೆಯದು.

ಇನ್ನೊಂದು ಗೀಟು ಆರು ತಿಂಗಳ ನಂತರ. ಅದಕ್ಕೂ ಮುಂಚೆ ಅಳೆದರೆ ಕೈತಪ್ಪು ಯಾವುದು, ಬೆಳೆದದ್ದು ಯಾವುದು ಎಂದು ಗೊತ್ತಾಗುವುದಿಲ್ಲ.

ಗೀಟುಗಳ ನಡುವಿನ ಅಂತರವೇ ಇಲ್ಲಿ ಮುಖ್ಯ. ಪಕ್ಕದ ಮನೆಯ ಹುಡುಗ ನಿಮ್ಮ ಹುಡುಗನಿಗಿಂತ ಒಂದು ಗೇಣು ಎತ್ತರವಿರಬಹುದು. ಅಪ್ಪ ಅಮ್ಮ ಗಿಡ್ಡಗಿರುವ ಮನೆಯಲ್ಲಿ ಮಗು ಗಿಡ್ಡಗಿರುವುದು ಸಹಜ. ಆದರೆ ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯಬೇಕು, ತೂಕ 2ರಿಂದ 3 ಕಿಲೋ ಏರಬೇಕು. ವರ್ಷದಲ್ಲಿ 4 ಸೆಂಟಿಮೀಟರೂ ಬೆಳೆಯದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಥೈರಾಯ್ಡ್ ಕೊರತೆಯಂಥ ತೊಂದರೆ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಹೀಗೆ, ಗೀಟು ಮೇಲೇರದೆ ನಿಂತಾಗ. ನೋಟ್‌ಬುಕ್ ಜೊತೆಗೆ ಒಯ್ಯಿರಿ. ತಾರೀಕು ಸಮೇತ ನಾಲ್ಕು ಅಳತೆಗಳಿದ್ದರೆ ವೈದ್ಯರ ಅರ್ಧ ಕೆಲಸ ಹಗುರಾಗುತ್ತದೆ.

ಹೆಣ್ಣುಮಕ್ಕಳು ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಜಿಗಿತದ ಬೆಳವಣಿಗೆಗೆ ಬರುತ್ತಾರೆ. ಆರನೇ ತರಗತಿಯ ಸಾಲಿನಲ್ಲಿ ಹುಡುಗಿಯರೇ ಉದ್ದ ಕಾಣುವುದು ಇದಕ್ಕೇ. ಹುಡುಗಿಗೆ 8, ಹುಡುಗನಿಗೆ 9 ತುಂಬುವ ಮೊದಲೇ ಪ್ರಾಯದ ಚಿಹ್ನೆಗಳು ಕಂಡರೆ ಮಾತ್ರ ವೈದ್ಯರ ಬಳಿ ಹೋಗಬೇಕು.

ಬಾಯಿ ತೆರೆಸಿ ನೋಡಿ

6ರ ಆಸುಪಾಸಿನಲ್ಲಿ ಹಾಲುಹಲ್ಲುಗಳ ಸಾಲಿನ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುತ್ತದೆ. ಅದು ಬರುವಾಗ ಯಾವ ಹಲ್ಲೂ ಬೀಳುವುದಿಲ್ಲ. ಹೀಗಾಗಿ ಮನೆಯವರು ಅದನ್ನೂ ಹಾಲುಹಲ್ಲೇ ಎಂದುಕೊಂಡು, ಹುಳುಕು ಹಿಡಿದರೂ ‘ಬಿದ್ದು ಬೇರೆ ಬರುತ್ತದೆ’ ಎಂದು ಬಿಟ್ಟುಬಿಡುತ್ತಾರೆ. ಅದು ಬೇರೆ ಬರುವುದಿಲ್ಲ. ಮಗು ಮುದುಕನಾಗುವವರೆಗೂ ಅಗಿಯಬೇಕಾದ ಹಲ್ಲು ಅದು. ರಾತ್ರಿ ಮಲಗುವ ಮುಂಚೆ ಅಲ್ಲಿಗೆ ಬ್ರಷ್ ಮುಟ್ಟುತ್ತಿದೆಯೇ ಎಂದು ನೀವೇ ನೋಡಿ.

ಇನ್ನು ಲೋಟದ ನೀರು

ಒಂದೇ ಅಳತೆಯ ಎರಡು ಗಾಜಿನ ಲೋಟಗಳಲ್ಲಿ ಮಗುವಿನ ಕಣ್ಣೆದುರೇ ಸಮನಾಗಿ ನೀರು ಹುಯ್ಯಿರಿ. ಎರಡರಲ್ಲೂ ಅಷ್ಟೇ ಇದೆ ಎಂದು ಮಗು ಒಪ್ಪಲಿ. ಬಳಿಕ ಒಂದರ ನೀರನ್ನು ಉದ್ದನೆಯ, ಕಿರಿದಾದ ಲೋಟಕ್ಕೆ ಬಗ್ಗಿಸಿ ಕೇಳಿ: ‘ಈಗ ಎರಡರಲ್ಲೂ ಅಷ್ಟೇ ಇದೆಯೋ, ಒಂದರಲ್ಲಿ ಹೆಚ್ಚಿದೆಯೋ?’ 5 ವರ್ಷದ ಮಗು ಸಾಮಾನ್ಯವಾಗಿ ಉದ್ದ ಲೋಟವನ್ನು ತೋರಿಸುತ್ತದೆ. 7–8ರ ಮಗು ‘ಅಷ್ಟೇ ಇದೆ, ನೀವು ಬಗ್ಗಿಸಿದಿರಿ ಅಷ್ಟೆ’ ಎನ್ನುತ್ತದೆ. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಹೆಸರಾದದ್ದು ಇಂಥ ಪರೀಕ್ಷೆಗಳಿಂದ. ಕಣ್ಣು ಹೇಳಿದ್ದನ್ನು ಬುದ್ಧಿ ತಿದ್ದುವ ಘಟ್ಟ ಇದು.

ಚಪಾತಿ ಹಿಟ್ಟಿನ ಎರಡು ಸಮನಾದ ಉಂಡೆ ಮಾಡಿ ಒಂದನ್ನು ಲಟ್ಟಿಸಿ. ಹಿಟ್ಟು ಅಷ್ಟೇ ಇದೆ ಎಂದು ಒಪ್ಪಿದ ಮಗುವೇ, ತೂಕ ಕೇಳಿದರೆ ‘ಉಂಡೆಯೇ ಭಾರ’ ಎನ್ನಬಹುದು. ತೂಕ ಬದಲಾಗದು ಎಂಬುದು 9–10ರ ಹೊತ್ತಿಗೆ ತಿಳಿಯುವ ಮಾತು. ಹೂವಿನ ಬುಟ್ಟಿಯಿಂದ ಏಳು ಸೇವಂತಿಗೆ, ಮೂರು ಗುಲಾಬಿ ತೆಗೆದಿಟ್ಟು ‘ಸೇವಂತಿಗೆ ಹೆಚ್ಚೋ, ಹೂವು ಹೆಚ್ಚೋ?’ ಎಂದೂ ಕೇಳಬಹುದು. ಸೇವಂತಿಗೆಯೂ ಹೂವೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಚಿಕ್ಕವರಿಗೆ ಬಹಳ ಕಷ್ಟ.

ಕೇಳುವಾಗ ಒಂದು ಎಚ್ಚರ ಬೇಕು. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಬೇಡಿ. ದೊಡ್ಡವರು ಎರಡನೆಯ ಸಲ ಕೇಳಿದರೆ ಮೊದಲ ಉತ್ತರ ತಪ್ಪಾಯಿತೇನೋ ಎಂದು ಮಕ್ಕಳು ಉತ್ತರ ಬದಲಿಸುತ್ತಾರೆ. ಸರಿ ಉತ್ತರವನ್ನು ಹೇಳಿಕೊಡಬೇಡಿ, ನಗಬೇಡಿ. ‘ಯಾಕೆ ಹಾಗೆ ಅನ್ನಿಸಿತು?’ ಎಂದಷ್ಟೇ ಕೇಳಿ, ಹೇಳಿದ್ದನ್ನು ಬರೆದಿಡಿ. ಇದು ಪಾಸು, ಫೇಲಿನ ಪರೀಕ್ಷೆಯಲ್ಲ; ಆರು ತಿಂಗಳ ನಂತರ ಕೇಳಿದಾಗ ಕಾರಣ ಹೇಳುವ ರೀತಿ ಬದಲಾಗಿದೆಯೇ ಎಂದು ನೋಡುವುದು, ಗೋಡೆಯ ಎರಡನೆಯ ಗೀಟಿನ ಹಾಗೆ. ನಡುವಿನ ದಿನಗಳಲ್ಲಿ ಚೌಕಾಬಾರ, ಅಳಗುಳಿಮನೆ ಆಡಿಸಿ. ಮುಂದಿನ ನಡೆಯನ್ನು ಮನಸ್ಸಿನಲ್ಲೇ ಎಣಿಸಿ ನೋಡುವ ಅಭ್ಯಾಸಕ್ಕೆ ಅವು ಚೆನ್ನಾಗಿವೆ.

ದಡ್ಡ ಎನ್ನುವ ಮುಂಚೆ

ನನಗೆ ಅತ್ಯಂತ ನೋವು ತರುವ ಮಾತು ಇದು. ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಆ ಪಟ್ಟ ಕಟ್ಟುವ ಮುಂಚೆ ದೇಹವನ್ನು ವಿಚಾರಿಸಿ. ಬೋರ್ಡಿನ ಅಕ್ಷರ ಕಾಣುತ್ತಿದೆಯೇ? ಟಿವಿಯ ಹತ್ತಿರ ಹೋಗಿ ಕೂರುತ್ತದೆಯೇ? ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತದೆಯೇ? ರಕ್ತಹೀನತೆಯಿಂದಲೂ ಗಮನ ಕುಂದುತ್ತದೆ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಮತ್ತು ಜಂತುಹುಳದ ಮಾತ್ರೆಯನ್ನು ತಪ್ಪಿಸಬೇಡಿ. ಈ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 6ಕ್ಕೆ ಎಬ್ಬಿಸುವ ಮನೆಯಲ್ಲಿ ರಾತ್ರಿ 9ಕ್ಕೆ ದೀಪ ಆರಲೇಬೇಕು. ಬಿಸಿಲಿನಲ್ಲಿ ಒಂದು ಗಂಟೆಯಾದರೂ ಓಡಾಟ ಬೇಕು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದೃಷ್ಟಿ ಮಂಜಾಗುವುದು ಕಡಿಮೆ.

ಇವನ್ನೆಲ್ಲ ಅದೇ ನೋಟ್‌ಬುಕ್ಕಿನಲ್ಲಿ, ಎತ್ತರದ ಪುಟದ ಎದುರಿಗೇ ಬರೆದುಕೊಳ್ಳಿ. ಮುಂದಿನ ಅಳತೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಲು ಮಗುವಿನ ಕೈಗೇ ಪೆನ್ಸಿಲ್ ಕೊಡಿ.