ಕಡಕೊಳ ದಾಟಿದರೆ ನಿಲ್ಲುತ್ತಿದ್ದ ಯೆಜ್ಡಿ

ಗಾಡಿ ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್. ಐಡ್ಲಿಂಗ್ ಚೆನ್ನಾಗಿರುತ್ತದೆ, ಊರೊಳಗೆ ಎಷ್ಟು ಓಡಾಡಿದರೂ ತಕರಾರಿಲ್ಲ. ಮೈಸೂರಿನಿಂದ ನಂಜನಗೂಡು ರಸ್ತೆಗೆ ಬಿಟ್ಟು ಕಡಕೊಳ ದಾಟುವಷ್ಟರಲ್ಲಿ ಪಟ್ಟನೆ ಆಫ್. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ ಕಿಕ್ ಹೊಡೆದರೆ ಏನೂ ಆಗಿಯೇ ಇಲ್ಲ ಅನ್ನುವಂತೆ ಮತ್ತೆ ಹೊರಡುತ್ತದೆ. ಹಳೇ ಜಾವಾ, ಯೆಜ್ಡಿ ಬೈಕ್ ಇಟ್ಟುಕೊಂಡವರಲ್ಲಿ ಈ ಕಾಯಿಲೆ ಕಾಣದವರು ಕಡಿಮೆ. ಹತ್ತು ಜನರನ್ನು ಕೇಳಿದರೆ ಎಂಟು ಜನ ‘ಕಾರ್ಬೊರೇಟರ್ ಬಿಚ್ಚಿ ತೊಳೀರಿ’ ಅನ್ನುತ್ತಾರೆ, ಉಳಿದಿಬ್ಬರು ಸ್ಪಾರ್ಕ್ ಪ್ಲಗ್ ಬದಲಿಸಲು ಹೇಳುತ್ತಾರೆ. ನನ್ನ ಗಾಡಿಯಲ್ಲಿ ಇದನ್ನು ಹೇಗೆ ಹುಡುಕಿದೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಗಾಡಿ ಯೆಜ್ಡಿ 250, 6 ವೋಲ್ಟ್ ಡೈನಮೊದ್ದು (ಬ್ಯಾಟರಿಗೆ ಕರೆಂಟ್ ತುಂಬುವುದು ಡೈನಮೊ). ಮೈಸೂರಿನಲ್ಲಿ 1960ರಲ್ಲಿ ಶುರುವಾದ ಐಡಿಯಲ್ ಜಾವಾ ಕಂಪನಿ ಯಾದವಗಿರಿಯ ಕಾರ್ಖಾನೆಯಲ್ಲಿ ಮೊದಲು ಜಾವಾ ಹೆಸರಿನಲ್ಲಿ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಗಾಡಿ ಮಾಡಿತು. 1996ರಲ್ಲಿ ಬಾಗಿಲು ಹಾಕಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್. ಇಗ್ನಿಷನ್, ಅಂದರೆ ಪ್ಲಗ್‌ಗೆ ಕಿಡಿ ಕೊಡುವ ವ್ಯವಸ್ಥೆ, ಇದಕ್ಕಿಂತ ಸರಳ ಇರಲು ಸಾಧ್ಯವಿಲ್ಲ. ಬ್ಯಾಟರಿಯಿಂದ ಕೀ ಸ್ವಿಚ್, ಅಲ್ಲಿಂದ ವೋಲ್ಟೇಜ್ ಏರಿಸುವ ಕಾಯಿಲ್, ಕಾಯಿಲ್‌ನಿಂದ ಸಿಬಿ ಪಾಯಿಂಟ್ (ಎಂಜಿನ್ ಸುತ್ತಿದಂತೆ ತೆರೆದು ಮುಚ್ಚುವ ಪುಟ್ಟ ಸ್ವಿಚ್), ಪಾಯಿಂಟ್‌ನಿಂದ ಅರ್ತ್, ಅಂದರೆ ಗಾಡಿಯ ಲೋಹದ ಮೈ. ಎಂಜಿನ್‌ನ ಬಲಗಡೆ ಕವರ್ ತೆಗೆದರೆ ಎಂಜಿನ್‌ನ ಸುತ್ತುವ ದಂಡ, ಅಂದರೆ ಕ್ರ್ಯಾಂಕ್‌ನ ತುದಿಯಲ್ಲೇ ಡೈನಮೊ, ಅದರ ಮೇಲೆ ಪಾಯಿಂಟ್, ಪಕ್ಕದಲ್ಲಿ ಕಿರುಬೆರಳಿಗಿಂತ ಚಿಕ್ಕ ಕಂಡೆನ್ಸರ್ (ಅದರ ಕೆಲಸ ಮುಂದೆ ಹೇಳುತ್ತೇನೆ). ಎಂಜಿನ್ ಶಾಖವೆಲ್ಲ ಆ ಗೂಡಿನಲ್ಲೇ. ಮುಂದಿನ ಕಥೆಯ ಅರ್ಧ ಇಲ್ಲೇ ಇದೆ. ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದ ಕೊನೆಯ ಗಾಡಿಗಳ ಮಾತು ಬೇರೆ, ಅವಕ್ಕೆ ಈ ಪಾಯಿಂಟ್ ಕಾಟ ಇಲ್ಲ.

ಪೆಟ್ರೋಲ್ ತೊಂದರೆಯೋ ಕರೆಂಟ್ ತೊಂದರೆಯೋ ಅನ್ನುವುದನ್ನು ಗಾಡಿ ನಿಲ್ಲುವ ರೀತಿಯೇ ಮುಕ್ಕಾಲು ಪಾಲು ಹೇಳುತ್ತದೆ. ಪೆಟ್ರೋಲ್ ಕಡಿಮೆಯಾದರೆ ಗಾಡಿ ಸೊರಗುತ್ತದೆ, ಎಳೆತ ಇಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟು ಹಿಡಿದರೆ ಒಂದಿಷ್ಟು ದೂರ ಒದ್ದಾಡಿಕೊಂಡು ಹೋಗುತ್ತದೆ. ಕರೆಂಟ್ ಹೋದರೆ ಒದ್ದಾಟ ಇಲ್ಲ, ಕೀ ತಿರುಗಿಸಿದ ಹಾಗೆ ಸತ್ತೇ ಹೋಗುತ್ತದೆ. ಆಗೊಮ್ಮೆ ಈಗೊಮ್ಮೆ ಕರೆಂಟ್ ಬಂದು ಹೋದರೆ ಸುಡದೆ ಸೈಲೆನ್ಸರ್‌ಗೆ ಹೋದ ಪೆಟ್ರೋಲ್ ಆಮೇಲೆ ಹತ್ತಿಕೊಂಡು ‘ಢಂ’ ಅನ್ನುತ್ತದೆ. ನನ್ನದು ನಿಲ್ಲುವ ಮುಂಚೆ ಒಂದೆರಡು ಸಲ ಢಂ ಅಂದು ಆಮೇಲೆ ಪೂರ್ತಿ ಮೌನ. ಆದರೂ ಖಾತ್ರಿಗೆ ಗಾಡಿ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತೆಗೆದು ನೋಡಿದೆ. ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದ್ದರೂ ಹೀಗೇ ನಿಂತು, ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ. ಆಗ ಮುಚ್ಚಳ ಸಡಿಲಿಸಿದರೆ ಗಾಳಿ ಸುಯ್ಯೆಂದು ಒಳಗೆ ನುಗ್ಗುವ ಸದ್ದು ಕೇಳುತ್ತದೆ. ಕೇಳಲಿಲ್ಲ. ಪ್ಲಗ್ ಬಿಚ್ಚಿದೆ, ತುದಿ ಒದ್ದೆ. ಅಲ್ಲಿಗೆ ಪೆಟ್ರೋಲ್ ಬರುತ್ತಿದೆ ಎಂದಾಯಿತು. ಕಾರ್ಬೊರೇಟರ್‌ಗೆ ಕೈ ಹಾಕುವ ಅಗತ್ಯವೇ ಇಲ್ಲ.

ಕರೆಂಟ್ ನೋಡುವ ಕ್ರಮದ ಬಗ್ಗೆ ಒಂದು ತಕರಾರು ಇದೆ. ಎಲ್ಲರೂ ಪ್ಲಗ್ ಬಿಚ್ಚಿ, ಕ್ಯಾಪ್ ಹಾಕಿ, ಹೆಡ್ ಮೇಲಿಟ್ಟು ಕಿಕ್ ಹೊಡೆದು ‘ಕರೆಂಟ್ ಬರ್ತಿದೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹೊರಗಿನ ಗಾಳಿಯಲ್ಲಿ 0.6 ಮಿಲಿಮೀಟರ್ ಅಂತರ ಹಾರಲು ಹೆಚ್ಚು ವೋಲ್ಟೇಜ್ ಬೇಕಿಲ್ಲ. ಸಿಲಿಂಡರ್ ಒಳಗೆ ಒತ್ತಡ ಏರಿದ ಮೇಲೆ ಅದೇ ಅಂತರಕ್ಕೆ ಹಲವು ಪಟ್ಟು ಬೇಕಾಗುತ್ತದೆ. ಸೋತ ಕಾಯಿಲ್ ಕೂಡ ಹೊರಗೆ ಕಿಡಿ ತೋರಿಸಿ ಒಳಗೆ ಕೈಕೊಡುತ್ತದೆ. ಅದಕ್ಕೇ ನಾನು ಪಕ್ಕದ ಎಲೆಕ್ಟ್ರೋಡ್ ಕತ್ತರಿಸಿ ಬಿಸಾಡಿದ ಒಂದು ಹಳೇ ಪ್ಲಗ್ ಇಟ್ಟುಕೊಂಡಿದ್ದೇನೆ. ಅದರಲ್ಲಿ ಕಿಡಿ ಐದಾರು ಮಿಲಿಮೀಟರ್ ದಾಟಬೇಕು. ನೆರಳಿನಲ್ಲಿ ನೋಡಬೇಕು, ನೀಲಿ ಬಣ್ಣ, ಚಟ್ ಎನ್ನುವ ಸದ್ದು ಇರಬೇಕು. ತೆಳ್ಳಗೆ, ಹಳದಿಯಾಗಿ ಬಂದರೆ ಅದು ಲೆಕ್ಕಕ್ಕಿಲ್ಲ. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಕಿಕ್ ಹೊಡೆದಾಗ ಅಲ್ಲಿಂದ ಪೆಟ್ರೋಲ್ ಮಂಜು ಚಿಮ್ಮುತ್ತದೆ. ಪ್ಲಗ್‌ನ ಲೋಹದ ಮೈ ಎಂಜಿನ್‌ಗೆ ಗಟ್ಟಿಯಾಗಿ ತಾಗಿರಲಿ. ಹಾರಲು ದಾರಿ ಸಿಗದ ಕಿಡಿ ಕಾಯಿಲ್‌ನ ಒಳಗಿನ ಇನ್ಸುಲೇಷನ್ ಮೇಲೆಯೇ ಸವಾರಿ ಮಾಡುತ್ತದೆ.

ಮನೆಯಲ್ಲಿ ಈ ಪರೀಕ್ಷೆ ಮಾಡಿದಾಗ ಕಿಡಿ ಭರ್ಜರಿಯಾಗಿ ಬಂತು. ಕಾಯಿಲ್‌ನ ಪ್ರೈಮರಿ, ಅಂದರೆ ಬ್ಯಾಟರಿ ಕರೆಂಟ್ ಹರಿಯುವ ಸುರುಳಿಯನ್ನು ಮಲ್ಟಿಮೀಟರ್‌ನಲ್ಲಿ ಅಳೆದೆ, ಒಂದೂವರೆ ಓಮ್ ಆಸುಪಾಸು. 6 ವೋಲ್ಟ್ ಕಾಯಿಲ್‌ಗೆ ಅದು ಸರಿ. ಕಂಡೆನ್ಸರ್‌ಗೆ ಮೀಟರ್ ಇಟ್ಟೆ, ಸರಿ. ಎಲ್ಲವೂ ಸರಿ ಇರುವ ಗಾಡಿ ಯಾಕೆ ನಿಲ್ಲುತ್ತದೆ? ನಮ್ಮ ಬೀದಿಯಲ್ಲಿ ಐಡಿಯಲ್ ಜಾವಾದಲ್ಲಿ ಅಸೆಂಬ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಗೇಟಿನ ಹೊರಗೆ ನಿಂತು ನನ್ನ ಪಾಡು ನೋಡಿ, “ಏನಪ್ಪಾ, ತಣ್ಣಗಿರೋ ಗಾಡೀನ ಎಷ್ಟು ಅಳೆದ್ರೆ ಏನು ಬಂತು? ಅದು ಕೈಕೊಡೋದು ಬಿಸಿ ಆದಾಗ ತಾನೆ?” ಅಂದರು. “ಹೌದು ಸಾರ್, ರಸ್ತೇಲಿ ಮೀಟರ್ ಇರಲಿಲ್ಲ” ಅಂದೆ. “ಮತ್ತೆ ಮೀಟರ್ ತಗೊಂಡ್ ಹೋಗು. ಮನೇಲಿ ಬಿಟ್ ಹೋಗೋಕಾ ಅದನ್ನ ತಂದಿರೋದು?”

ಮುಂದಿನ ಸಲ ಬ್ಯಾಗಿನಲ್ಲಿ ಮೀಟರ್, ಸ್ಕ್ರೂಡ್ರೈವರ್, ಒಂದು ಹಳೇ ವಿಸಿಟಿಂಗ್ ಕಾರ್ಡ್. ಬೇಕೆಂದೇ ಮಟಮಟ ಮಧ್ಯಾಹ್ನ ಹೊರಟೆ. ನಿರೀಕ್ಷಿಸಿದ ಜಾಗದಲ್ಲೇ ಗಾಡಿ ನಿಂತಿತು. ಅಷ್ಟು ಖುಷಿಯಿಂದ ಕೆಟ್ಟ ಗಾಡಿಯನ್ನು ರಸ್ತೆ ಬದಿಗೆ ತಳ್ಳಿದ್ದು ಅದೇ ಮೊದಲು. ಬಲಗಡೆ ಕವರ್ ತೆಗೆದು, ಪಾಯಿಂಟ್‌ಗಳ ನಡುವೆ ಕಾರ್ಡಿನ ತುಂಡು ಸಿಕ್ಕಿಸಿ, ಕೀ ಆನ್ ಮಾಡಿದೆ. ಕಾರ್ಡ್ ಇದ್ದಾಗ ಪಾಯಿಂಟ್ ತೆರೆದ ಹಾಗೆ. ಕರೆಂಟ್‌ಗೆ ಅರ್ತ್ ಸೇರುವ ದಾರಿ ಇಲ್ಲ, ಹಾಗಾಗಿ ಪಾಯಿಂಟ್ ಟರ್ಮಿನಲ್‌ಗೂ ಎಂಜಿನ್ ಮೈಗೂ ನಡುವೆ ಬ್ಯಾಟರಿಯಷ್ಟೇ ವೋಲ್ಟೇಜ್, ಅಂದರೆ 6ರ ಮೇಲೆ, ತೋರಿಸಬೇಕು. ಮೀಟರ್ ಸೊನ್ನೆಯ ಹತ್ತಿರ ನಿಂತಿತು. ಒಂದೋ ಕರೆಂಟ್ ಅಲ್ಲಿಯವರೆಗೆ ಬರುತ್ತಿಲ್ಲ, ಇಲ್ಲವೇ ಎಲ್ಲೋ ಒಂದು ಕಡೆ ಅದು ಅರ್ತ್ ಆಗುತ್ತಿದೆ. ಅರ್ತ್ ಆಗುವ ಜಾಗ ಸಾಮಾನ್ಯವಾಗಿ ಎರಡು: ಪಾಯಿಂಟ್ ಟರ್ಮಿನಲ್ ಲೋಹಕ್ಕೆ ತಾಗದಂತೆ ತಡೆಯುವ ಫೈಬರ್ ವಾಷರ್, ಇಲ್ಲವೇ ಕಂಡೆನ್ಸರ್. ಬೆರಳು ಸುಡುತ್ತಿದ್ದರೂ ಕಂಡೆನ್ಸರ್ ವೈರ್ ಬಿಚ್ಚಿ ದೂರ ಸರಿಸಿದೆ. ಮೀಟರ್ ತಟಕ್ಕನೆ 6.1ಕ್ಕೆ ಏರಿತು. ವೈರ್ ಮತ್ತೆ ತಾಗಿಸಿದೆ, ಸೊನ್ನೆ. ತೆಗೆದೆ, 6.1. ಮೆಕ್ಯಾನಿಕ್ಕೂ ಬೇಡ, ತರ್ಕವೂ ಬೇಡ, ಕಳ್ಳ ಕೈಯಲ್ಲೇ ಇದ್ದ.

ಕಂಡೆನ್ಸರ್ ಮಾಡುವ ಕೆಲಸ ಗೊತ್ತಿದ್ದರೆ ಇದು ಇನ್ನೂ ಸ್ಪಷ್ಟ. ಪಾಯಿಂಟ್ ತೆರೆದ ಕ್ಷಣ ಕಾಯಿಲ್‌ನ ಪ್ರೈಮರಿಯಲ್ಲಿ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ. ಅದು ಪಾಯಿಂಟ್‌ಗಳ ನಡುವೆ ಹಾರಿ ಹೋಗದಂತೆ ಆ ಕ್ಷಣಕ್ಕೆ ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್. ಅದರಿಂದ ಪ್ರವಾಹ ಥಟ್ಟನೆ ಕಡಿಯುತ್ತದೆ, ಆ ಕಡಿತ ಎಷ್ಟು ಚುರುಕೋ ಪ್ಲಗ್‌ನ ಕಿಡಿ ಅಷ್ಟು ಜೋರು. ಟೂ ಸ್ಟ್ರೋಕ್‌ನಲ್ಲಿ ಪ್ರತಿ ಸುತ್ತಿಗೂ ಕಿಡಿ ಬೇಕು; ನಿಮಿಷಕ್ಕೆ 4,500 ಸುತ್ತು ಅಂದರೆ ಸೆಕೆಂಡಿಗೆ 75 ಸಲ ಈ ಏಟು ತಿನ್ನಬೇಕು, ಅದೂ ಎಂಜಿನ್ ಕಾವಿನ ಗೂಡಿನಲ್ಲಿ ಕೂತು. ಒಳಗಿನ ಇನ್ಸುಲೇಷನ್ ಹಳತಾದರೆ ತಣ್ಣಗಿದ್ದಾಗ ತಡೆದು ಬಿಸಿಯಾದಾಗ ಸೋರುತ್ತದೆ. ಪೂರ್ತಿ ಶಾರ್ಟ್ ಆದರೆ ಪಾಯಿಂಟ್ ತೆರೆದರೂ ತೆರೆಯದ ಹಾಗೆ, ಕಿಡಿಯೇ ಇಲ್ಲ. ಒಳಗಿನ ತಂತಿ ಬಿಟ್ಟುಹೋದರೆ ಲಕ್ಷಣ ಉಲ್ಟಾ: ಪಾಯಿಂಟ್‌ನಲ್ಲಿ ದಪ್ಪ ಹಳದಿ ಕಿಡಿ, ಪ್ಲಗ್‌ನಲ್ಲಿ ಸೊರಗಿದ ಕಿಡಿ. ಪಾಯಿಂಟ್‌ನ ಒಂದು ಮುಖದಲ್ಲಿ ಗುಳಿ, ಇನ್ನೊಂದರಲ್ಲಿ ಗುಡ್ಡೆ ಬೇಗ ಬೇಗ ಬೆಳೆಯುತ್ತಿದ್ದರೂ ಕಂಡೆನ್ಸರ್ ಮೇಲೆ ಅನುಮಾನ ಪಡಬೇಕು.

ಮನೆಗೆ ಬಂದು ಹೆಂಡತಿಯ ಹೇರ್ ಡ್ರೈಯರ್ ಕೇಳಿ ಪಡೆದೆ (ಯಾಕೆ ಅಂತ ಹೇಳಲಿಲ್ಲ). ತಣ್ಣಗಿದ್ದ ಕಂಡೆನ್ಸರ್‌ಗೆ ಮೀಟರ್ ಹಾಕಿದಾಗ ಸಂಖ್ಯೆ ಏರಿ ತೆರೆದ ಸರ್ಕ್ಯೂಟ್ ತೋರಿಸಿತು. ಬಿಸಿ ಗಾಳಿ ಬಿಡುತ್ತಾ ಹೋದ ಹಾಗೆ ಓಮ್‌ಗಳು ಜಾರುತ್ತಾ ಬಂದು ಒಮ್ಮೆಗೇ ಕುಸಿದವು. ಕಾಯಿಲ್‌ಗೂ ಅದೇ ಉಪಚಾರ ಮಾಡಿದೆ, ಅದು ಜಗ್ಗಲಿಲ್ಲ. ಕಾಯಿಲ್ ಕೂಡ ಬಿಸಿಗೆ ಕೈಕೊಡುವ ಜಾತಿಯೇ, ಆದ್ದರಿಂದ ಇದನ್ನು ಬಿಡಬಾರದು.

ಹೊಸ ಕಂಡೆನ್ಸರ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆ, ಎರಡು. ಹಾಕುವ ಮುಂಚೆ ಅವಕ್ಕೂ ಡ್ರೈಯರ್ ಗಾಳಿ. ಪ್ಯಾಕೆಟ್ ಒಡೆದ ಹೊಸ ಸಾಮಾನಿನಲ್ಲಿ ಒಂದು ಅಲ್ಲೇ ಸೋರಿತು. ಇನ್ನೊಂದು ಪರೀಕ್ಷೆ ಪಾಸಾಗಿ, ಬೇಸಿಗೆ ಕಳೆಯುವುದರೊಳಗೆ ರಸ್ತೆಯಲ್ಲಿ ಫೇಲಾಯಿತು. ಈಗ ಬರುವ ಸ್ಪೇರ್ ಪಾರ್ಟ್ ಬಗ್ಗೆ ನನಗೆ ನಂಬಿಕೆ ಇಲ್ಲ, ಅದರಲ್ಲೂ ಕಂಡೆನ್ಸರ್ ಮತ್ತು ಪಾಯಿಂಟ್ ವಿಷಯದಲ್ಲಿ. ಕೊನೆಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 0.22 ಮೈಕ್ರೋಫ್ಯಾರಡ್, 630 ವೋಲ್ಟ್‌ನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ (ಕಂಡೆನ್ಸರ್‌ಗೇ ಇನ್ನೊಂದು ಹೆಸರು) ತಂದು, ಡೈನಮೊ ಗೂಡಿನಿಂದ ಹೊರಗೆ ಕಾಯಿಲ್ ಪಕ್ಕದಲ್ಲಿ ಕೂರಿಸಿದೆ. ಒಂದು ಕಾಲು ಕಾಯಿಲ್‌ನಿಂದ ಪಾಯಿಂಟ್‌ಗೆ ಹೋಗುವ ಟರ್ಮಿನಲ್‌ಗೆ, ಇನ್ನೊಂದು ಅರ್ತ್‌ಗೆ. ಅರ್ತ್ ಜಾಗದ ಪೇಂಟ್ ಕೆರೆದು ಬೋಲ್ಟ್ ಬಿಗಿಯಬೇಕು. ಅಲುಗಾಡದಂತೆ ರಬ್ಬರ್ ಸ್ಲೀವ್ ಹಾಕಿ ಟೈ ಕಟ್ಟಿದರೆ ಸಾಕು. ಗಾಡಿ ‘ಒರಿಜಿನಲ್’ ಆಗಿರಬೇಕು ಅನ್ನುವವರು ಮುಖ ಸಿಂಡರಿಸುತ್ತಾರೆ. ಹಳೇ ಕಂಡೆನ್ಸರ್ ಡಬ್ಬಿಯನ್ನು ವೈರ್ ಇಲ್ಲದೆ ಅದರ ಜಾಗದಲ್ಲೇ ಬಿಟ್ಟಿದ್ದೇನೆ, ಕವರ್ ತೆಗೆದು ನೋಡುವ ಅತಿಥಿಗಳ ಸಮಾಧಾನಕ್ಕೆ.

ನಿಲ್ಲುವುದು ನಿಂತಿತು, ಆದರೆ ಜೋರಾಗಿ ಎಳೆದಾಗ ಸಣ್ಣ ಮಿಸ್ಸಿಂಗ್, ಅಂದರೆ ಆಗಾಗ ಕಿಡಿ ತಪ್ಪುವುದು, ಉಳಿದಿತ್ತು. ಇಲ್ಲಿ 6 ವೋಲ್ಟ್ ಗಾಡಿಯ ಒಂದು ಸೂಕ್ಷ್ಮ ಇದೆ. ದಾರಿಯಲ್ಲಿ ಒಂದು ವೋಲ್ಟ್ ನಷ್ಟವಾದರೆ 12 ವೋಲ್ಟ್ ಗಾಡಿ ಹನ್ನೆರಡರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ, ನಮ್ಮದು ಆರರಲ್ಲಿ ಒಂದು. ಪಾಯಿಂಟ್ ಮುಚ್ಚಿರುವಾಗ, ಅಂದರೆ ಕಾಯಿಲ್‌ನಲ್ಲಿ ಮೂರು ನಾಲ್ಕು ಆಂಪಿಯರ್ ನಿಜವಾಗಿ ಹರಿಯುತ್ತಿರುವಾಗ, ಮೀಟರ್‌ನ ಒಂದು ತುದಿ ಬ್ಯಾಟರಿ ಪ್ಲಸ್‌ಗೂ ಇನ್ನೊಂದು ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ಗೂ ಹಿಡಿದೆ. 0.9 ವೋಲ್ಟ್! 0.3ರೊಳಗೆ ಇರಬೇಕಿತ್ತು. ಕರೆಂಟ್ ಹರಿಯದಿದ್ದಾಗ ಅಳೆದರೆ ಈ ನಷ್ಟ ಕಾಣುವುದೇ ಇಲ್ಲ. ಒಂದೊಂದೇ ಜಾಯಿಂಟ್ ದಾಟಿಸುತ್ತಾ ಬಂದರೆ ನಷ್ಟದ ಬಹುಪಾಲು ಕೀ ಸ್ವಿಚ್‌ನಲ್ಲಿ, ಒಂದಿಷ್ಟು ಫ್ಯೂಸ್ ಹಿಡಿಗಳಲ್ಲಿ. ಸ್ವಿಚ್ ಬಿಚ್ಚಿ ಹಿತ್ತಾಳೆ ಕಾಂಟ್ಯಾಕ್ಟ್‌ಗಳ ಹಸಿರು ಕಿಲುಬು ಉಜ್ಜಿ, ಸ್ಪ್ರಿಂಗ್ ಎಳೆದು ಸರಿಮಾಡಿದ ಮೇಲೆ 0.2ಕ್ಕೆ ಇಳಿಯಿತು. ಅಳೆಯುವಾಗ ಕೀ ಬಹಳ ಹೊತ್ತು ಆನ್ ಇಡಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ಮನೆ ಬಿಸಿಯಾಗುತ್ತದೆ, ಬ್ಯಾಟರಿ ಸುಮ್ಮನೆ ಇಳಿಯುತ್ತದೆ.

ಕೊನೆಯದು ಪಾಯಿಂಟ್ ಗ್ಯಾಪ್ (ಪಾಯಿಂಟ್ ತೆರೆದಾಗಿನ ಅಂತರ) ಮತ್ತು ಟೈಮಿಂಗ್ (ಕಿಡಿ ಹಾರುವ ಗಳಿಗೆ), ಇದೇ ಕ್ರಮದಲ್ಲಿ. ಗ್ಯಾಪ್ ಹೆಚ್ಚಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಟೈಮಿಂಗ್ ಆದ ಮೇಲೆ ಗ್ಯಾಪ್ ಮುಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಅಂತರ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್‌ನಲ್ಲಿ 0.4 ಮಿಲಿಮೀಟರ್. ಆಮೇಲೆ ಗೇಜ್‌ನ ಎಣ್ಣೆ ಪಾಯಿಂಟ್‌ಗೆ ಅಂಟಿರುತ್ತದೆ, ವಿಸಿಟಿಂಗ್ ಕಾರ್ಡನ್ನು ನಡುವೆ ಎಳೆದು ಒರೆಸಲೇಬೇಕು. ಪಾಯಿಂಟ್ ಟರ್ಮಿನಲ್‌ಗೂ ಅರ್ತ್‌ಗೂ ಒಂದು ಚಿಕ್ಕ 6 ವೋಲ್ಟ್ ಬಲ್ಬ್ ಕಟ್ಟಿ ಕೀ ಆನ್ ಮಾಡಿದರೆ, ಪಾಯಿಂಟ್ ಮುಚ್ಚಿದ್ದಾಗ ಬಲ್ಬ್ ಆರಿರುತ್ತದೆ, ತೆರೆದ ಕ್ಷಣ ಹತ್ತುತ್ತದೆ. ಪಿಸ್ಟನ್ ಮೇಲ್ತುದಿ ತಲುಪಲು ಮೂರು ಮಿಲಿಮೀಟರ್ ಆಸುಪಾಸು ಇರುವಾಗ ಅದು ಹತ್ತುವಂತೆ ಪಾಯಿಂಟ್ ಕೂತಿರುವ ಪ್ಲೇಟ್ ತಿರುಗಿಸಿ ಬಿಗಿದೆ. ಟೈಮಿಂಗ್ ವಿಪರೀತ ಮುಂದಿದ್ದು ಕಿಕ್ ಅರೆಮನಸ್ಸಿನಿಂದ ಹೊಡೆದರೆ ಈ ಎಂಜಿನ್ ಹಿಂದಕ್ಕೆ ತಿರುಗಿ ಸ್ಟಾರ್ಟ್ ಆಗುವುದುಂಟು. ಸದ್ದಿನಲ್ಲಿ ವ್ಯತ್ಯಾಸ ಗೊತ್ತಾಗದೆ ಫಸ್ಟ್ ಗೇರ್ ಹಾಕಿದವರು ಹಿಮ್ಮುಖವಾಗಿ ಗೋಡೆಗೆ ಗುದ್ದಿದ ಕಥೆಗಳಿಗೆ ಮೈಸೂರಿನಲ್ಲಿ ಬರವಿಲ್ಲ.

ಗ್ಯಾಪ್ ನೋಡುವಾಗಲೇ ಡೈನಮೊದ ಸುತ್ತುವ ಭಾಗ, ಆರ್ಮೇಚರ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ ನೋಡಿ. ಗ್ಯಾಪ್ ಬದಲಾದರೆ ಕ್ರ್ಯಾಂಕ್ ಬೇರಿಂಗ್ ಸವೆದಿದೆ ಎಂದರ್ಥ. ಅಂಥ ಗಾಡಿಗೆ ಟೈಮಿಂಗ್ ಎಷ್ಟು ಸಲ ಕೂರಿಸಿದರೂ ನಿಲ್ಲುವುದಿಲ್ಲ, ಎಂಜಿನ್ ಬಿಚ್ಚುವುದೊಂದೇ ದಾರಿ. ನನ್ನದರಲ್ಲಿ ಅಲುಗಾಟ ಇಲ್ಲ. ಆದರೆ ಡೈನಮೊ ಹಿಂದಿನ ಸೀಲ್ ಪಕ್ಕದಲ್ಲಿ ಜಿಡ್ಡು ಕಾಣಿಸುತ್ತಿದೆ. ಸೀಲ್ ಸೋರಿದರೆ ಪಾಯಿಂಟ್ ಮೇಲೆ ಎಣ್ಣೆ ಕೂರುತ್ತದೆ, ಜೊತೆಗೆ ಕ್ರ್ಯಾಂಕ್‌ಕೇಸ್ ಅಲ್ಲಿಂದ ಗಾಳಿ ಎಳೆದುಕೊಂಡು ಎಂಜಿನ್ ಅತಿಯಾಗಿ ಕಾಯುತ್ತದೆ. ದಸರಾ ಓಡಾಟ ಮುಗಿದ ಮೇಲೆ ಆ ಕೆಲಸಕ್ಕೆ ಕೈ ಹಾಕಬೇಕು. ಅಲ್ಲಿಯವರೆಗೆ ಪಾಯಿಂಟ್ ಒರೆಸಲು ಟೂಲ್ ಬಾಕ್ಸ್‌ನಲ್ಲಿ ಕಾರ್ಡುಗಳ ಒಂದು ಕಟ್ಟು, ಎರಡು ಕ್ರೊಕೊಡೈಲ್ ಕ್ಲಿಪ್ ಬೆಸೆದ ಇನ್ನೊಂದು ಕೆಪಾಸಿಟರ್ ಇಟ್ಟಿದ್ದೇನೆ.