ಒಡೆದ ಕಾಂಕ್ರೀಟು, ಪ್ಲಾಸ್ಟಿಕ್ ಚೂರು ಹಾಕಿ ಬ್ಲಾಕ್ ಇಟ್ಟಿಗೆ ಎರೆಯುವ ಬಗೆ

ಹಳೆ ಕಾಂಕ್ರೀಟು ನೀರು ಕುಡಿಯುತ್ತದೆ. ಪ್ಲಾಸ್ಟಿಕ್ ನೀರನ್ನಾಗಲಿ ಸಿಮೆಂಟನ್ನಾಗಲಿ ಹತ್ತಿರ ಸೇರಿಸುವುದಿಲ್ಲ. ಇವೆರಡನ್ನೂ ಒಂದೇ ಅಚ್ಚಿಗೆ ಹಾಕಿದಾಗ ಬರುವ ತೊಂದರೆಗಳೆಲ್ಲ ಬಹುಪಾಲು ಇಲ್ಲಿಂದಲೇ ಶುರು.

ಒಡೆದ ಚಪ್ಪಡಿ, ಕಂಬ, ತೊಲೆಗಳ ಕಾಂಕ್ರೀಟು ಆಗುತ್ತದೆ. ಕಬ್ಬಿಣ, ಮರ, ಮಣ್ಣು ಆರಿಸಿ ತೆಗೆಯಿರಿ. ಮುಖ್ಯವಾಗಿ ಜಿಪ್ಸಂ ಹಲಗೆ, ಪ್ಲಾಸ್ಟರ್ ಆಫ್ ಪ್ಯಾರಿಸ್ ಚೂರು ಉಳಿಯಬಾರದು: ಅದರ ಸಲ್ಫೇಟು ತೇವ ಸಿಕ್ಕಾಗ ಸಿಮೆಂಟಿನೊಂದಿಗೆ ಸೇರಿ ಉಬ್ಬುತ್ತದೆ, ತಿಂಗಳುಗಳ ನಂತರ ಬ್ಲಾಕ್ ಬಿರುಕು ಬಿಡುತ್ತದೆ. ಬೆಂಕಿಗೆ ಸಿಕ್ಕಿದ ಕಾಂಕ್ರೀಟು ಬೇಡ. ಪುಡಿ ಮಾಡಿ 10 ಮಿ.ಮೀ. ಜರಡಿಯಲ್ಲಿ ಇಳಿದು 4.75 ಮಿ.ಮೀ. ಜರಡಿಯ ಮೇಲೆ ನಿಂತದ್ದನ್ನು ಜಲ್ಲಿಯಾಗಿ ಬಳಸಿ, ದೂಳು ಹೋಗುವಂತೆ ತೊಳೆಯಿರಿ. ಕೆಳಗೆ ಇಳಿದ ಪುಡಿ ಇನ್ನೂ ಹೆಚ್ಚು ನೀರು ಹೀರುವುದರಿಂದ, ಮರಳಿನ ಕಾಲುಭಾಗಕ್ಕಿಂತ ಹೆಚ್ಚು ಹಾಕಬೇಡಿ.

ಎಷ್ಟು ಹೀರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಚೆನ್ನಾಗಿ ಒಣಗಿಸಿದ 2 ಕೆ.ಜಿ. ಜಲ್ಲಿಯನ್ನು 24 ಗಂಟೆ ನೆನೆಸಿ, ಬಟ್ಟೆಯಿಂದ ಮೇಲ್ಮೈ ಒರೆಸಿ ತೂಗಿ. 2.1 ಕೆ.ಜಿ. ಬಂದರೆ 5 ಶೇಕಡಾ ಎಂದರ್ಥ. ಹಳೆ ಗಾರೆ ಅಂಟಿಕೊಂಡ ಜಲ್ಲಿಗೆ ಇದು ಸಹಜ. ಒಣಗಿದ್ದನ್ನೇ ಕಲಸಿದರೆ ಅಷ್ಟು ನೀರನ್ನು ಸಿಮೆಂಟಿನ ಬಾಯಿಂದ ಕಿತ್ತುಕೊಳ್ಳುತ್ತದೆ, ಬ್ಲಾಕಿನ ಅಂಚು ಉದುರುತ್ತದೆ. ಹಿಂದಿನ ರಾತ್ರಿಯೇ ನೆನೆಸಿ, ಬೆಳಗ್ಗೆ ನೀರು ಬಸಿಯಲು ಬಿಡಿ. ಮೇಲೆ ಹೊಳಪು ಹೋಗಿ ಒಳಗೆ ತೇವ ಇರಬೇಕು.

ಪ್ಲಾಸ್ಟಿಕ್ಕಿನಲ್ಲಿ ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಕ್ಯಾನು, ಪಾಲಿಪ್ರೊಪಿಲೀನ್ ಮುಚ್ಚಳ ಒಳ್ಳೆಯವು. ಪೆಟ್ ಬಾಟಲಿಯೂ ಆಗುತ್ತದೆ, ಆದರೆ ಸಿಮೆಂಟಿನ ಕ್ಷಾರ ಅದನ್ನು ನಿಧಾನವಾಗಿ ಸವೆಸುವುದರಿಂದ ಅದರಿಂದ ಬಲ ನಿರೀಕ್ಷಿಸಬೇಡಿ. ಎಣ್ಣೆ, ಸೋಪು ಉಳಿಯದಂತೆ ತೊಳೆದು 2ರಿಂದ 5 ಮಿ.ಮೀ. ಚೂರು ಮಾಡಿ. ತೆಳು ಚೀಲಗಳು ಕಲಸುವಾಗ ಉಂಡೆಗಟ್ಟಿ ಒಳಗೆ ಪೊಳ್ಳು ಮಾಡುತ್ತವೆ. ಪಿವಿಸಿ (ನೀರಿನ ಪೈಪುಗಳ ಪ್ಲಾಸ್ಟಿಕ್) ಬೇಡವೇ ಬೇಡ, ಬೆಂಕಿ ತಗುಲಿದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ.

50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ ಮರಳು 100 ಲೀಟರ್, ಪ್ಲಾಸ್ಟಿಕ್ ಚೂರು 5 ಲೀಟರ್, ಹೊಸ ಜಲ್ಲಿ 70 ಲೀಟರ್, ಹಳೆ ಕಾಂಕ್ರೀಟಿನ ಜಲ್ಲಿ 70 ಲೀಟರ್. ಪ್ಲಾಸ್ಟಿಕ್ಕನ್ನು ತೂಕದಲ್ಲಿ ಅಳೆಯಬೇಡಿ. ಹಗುರ ವಸ್ತು, ಮರಳಿನಷ್ಟೇ ತೂಕ ಹಾಕಿದರೆ ರಾಶಿ ಹಲವು ಪಟ್ಟಾಗುತ್ತದೆ. ಇನ್ನಷ್ಟು ಕಸ ಖರ್ಚಾಗಲಿ ಎಂಬ ಆಸೆಗೆ ಪ್ರಮಾಣ ಏರಿಸಿದಷ್ಟೂ ಬಲ ಇಳಿಯುತ್ತದೆ.

ಮರಳು, ಸಿಮೆಂಟು, ಚೂರನ್ನು ಒಣದಾಗಿಯೇ ಬಣ್ಣ ಒಂದಾಗುವವರೆಗೆ ಕಲಸಿ, ಆಮೇಲೆ ಜಲ್ಲಿ, ಕೊನೆಗೆ ನೀರು. 20 ಲೀಟರ್‌ನಿಂದ ಆರಂಭಿಸಿ ಸ್ವಲ್ಪಸ್ವಲ್ಪವೇ ಸೇರಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಅಂಗೈ ಒದ್ದೆಯಾಗಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಇದರಿಂದ 400×200×150 ಮಿ.ಮೀ. ಅಳತೆಯ ಗಟ್ಟಿ ಬ್ಲಾಕುಗಳು ಹದಿನೈದರ ಆಸುಪಾಸು ಬರುತ್ತವೆ.

ಅಚ್ಚನ್ನು ಎರಡು ಪದರವಾಗಿ ತುಂಬಿ, ಮೇಲೆ ಸಿಮೆಂಟಿನ ಪಸೆ ಕಂಡ ಕೂಡಲೇ ವೈಬ್ರೇಟರ್ ನಿಲ್ಲಿಸಿ. ಎಚ್‌ಡಿಪಿಇ ಸಾಂದ್ರತೆ ಸುಮಾರು 0.95, ನೀರಿಗಿಂತಲೂ ಹಗುರ. ಜಾಸ್ತಿ ಅಲುಗಿಸಿದರೆ ಚೂರೆಲ್ಲ ಮೇಲೆದ್ದು, ಬ್ಲಾಕಿನ ತಲೆ ಚಕ್ಕೆಚಕ್ಕೆಯಾಗಿ ಏಳುತ್ತದೆ.

ಮೊದಲ 24 ಗಂಟೆ ಮುಟ್ಟದೆ ಮುಚ್ಚಿಡಿ, ಬಳಿಕ 14 ದಿನ ಗೋಣಿಚೀಲ ಹೊದಿಸಿ ತೇವ ಆರದಂತೆ ನೋಡಿಕೊಳ್ಳಿ. ನಂತರ ಎರಡು ಮೂರು ವಾರ ನೆರಳಿನಲ್ಲಿ ಸಂದಿ ಬಿಟ್ಟು ಜೋಡಿಸಿ ಒಣಗಿಸಿ. ಈ ಬ್ಲಾಕು ಮಾಮೂಲಿಗಿಂತ ಹೆಚ್ಚು ಕುಗ್ಗುತ್ತದೆ; ಹಸಿಯಾಗಿಯೇ ಗೋಡೆ ಕಟ್ಟಿದರೆ ಸಂದುಗಳಲ್ಲಿ ಬಿರುಕು ಖಂಡಿತ. 28 ದಿನಕ್ಕೆ ಪ್ರಯೋಗಾಲಯದಲ್ಲಿ ಒತ್ತುಬಲ ಪರೀಕ್ಷಿಸಿ. ಎತ್ತರದಿಂದ ಬೀಳಿಸಿ ಒಡೆಯಲಿಲ್ಲ ಅನ್ನುವುದು ಪರೀಕ್ಷೆಯಲ್ಲ. ಭಾರ ಹೊರುವ ಮಟ್ಟಕ್ಕೆ ಬಾರದಿದ್ದರೆ ಅಡ್ಡಗೋಡೆಗೆ ಮಾತ್ರ ಬಳಸಿ, ಒಲೆ, ಹೊಗೆಕೊಳವೆಯ ಪಕ್ಕ ಎಂದೂ ಬೇಡ.

ಬ್ಲಾಕ್ ಕತ್ತರಿಸುವಾಗ ಪ್ಲಾಸ್ಟಿಕ್ ಪುಡಿ ಉದುರುತ್ತದೆ. ಕೆಳಗೆ ಟಾರ್ಪಾಲು ಹಾಸಿ, ಪುಡಿಯನ್ನು ಗುಡಿಸಿ ಮುಂದಿನ ಕಲಸಿಗೆ ಸೇರಿಸಿ. ಚರಂಡಿಗೆ ತೊಳೆದು ಬಿಡಬೇಡಿ.