ಆರು ಗಂಟೆಯ ಆನ್‌ಲೈನ್ ಪಾಠ, ಮನೆ ಮುಂದಿನ ನಾಲ್ಕು ಸ್ಟಾಪ್ ಬೋರ್ಡು

ನಾನು ಮೊದಲ ಸಲ ಸ್ಟೀರಿಂಗ್ ಹಿಡಿದಾಗ ನನಗೆ 34 ವರ್ಷ. ಹಾಸನದಲ್ಲಿ ಓದುವಾಗ ಸಿಟಿ ಬಸ್ಸು, ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಕಂಪನಿ ಕ್ಯಾಬು, ಮದುವೆ ಆದಮೇಲೆ ಗಂಡನ ಬೈಕಿನ ಹಿಂದಿನ ಸೀಟು. ಸ್ಕೂಟಿ ಕೂಡ ಕಲಿತಿರಲಿಲ್ಲ. 2022ರ ಕೊನೆಯಲ್ಲಿ ಗಂಡನ ಕೆಲಸಕ್ಕಾಗಿ ಅಮೆರಿಕದ ಟೆಕ್ಸಸ್‌ಗೆ ಬಂದೆವು. ಡಲ್ಲಾಸ್ ಪಕ್ಕದ ಇರ್ವಿಂಗ್‌ನಲ್ಲಿ ಮನೆ. ಇಲ್ಲಿ ಕಾರು ಓಡಿಸೋಕೆ ಬರದಿದ್ದರೆ ಒಂದು ಕಟ್ಟು ಕೊತ್ತಂಬರಿ ತರೋದಕ್ಕೂ ಇನ್ನೊಬ್ಬರ ದಾರಿ ಕಾಯಬೇಕು.

ಒಂದು ಮಧ್ಯಾಹ್ನ ಸ್ಕೂಲಿನ ನರ್ಸ್ ಫೋನ್ ಮಾಡಿ, ಮಗನಿಗೆ ಜ್ವರ ಬಂದಿದೆ, ಬಂದು ಕರೆದುಕೊಂಡು ಹೋಗಿ ಅಂದರು. ಗಂಡ 30 ಮೈಲಿ ದೂರದ ಆಫೀಸಿನಲ್ಲಿ. ಸ್ಕೂಲು ಎರಡೇ ಮೈಲಿ, ಆದರೆ ನಡುವೆ ಆರು ಲೇನಿನ ರಸ್ತೆ. ಕ್ಯಾಬ್ ಬರೋಕೆ 25 ನಿಮಿಷ ಆಯಿತು. ನಾನು ಹೋದಾಗ ಮಗು ಬೂಟು ಹಾಕಿಕೊಂಡೇ ಮಂಚದ ಮೇಲೆ ಮಲಗಿ ಬಾಗಿಲನ್ನೇ ನೋಡುತ್ತಿತ್ತು. ಅವತ್ತು ರಾತ್ರಿಯೇ ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟಿದೆ.

ನಾನು ಕಲಿತ 2023ರಲ್ಲಿ ಟೆಕ್ಸಸ್‌ನ ನಿಯಮ ಹೀಗಿತ್ತು: ಮೊದಲ ಲೈಸೆನ್ಸ್ ಮಾಡಿಸುವ 18ರಿಂದ 24 ವರ್ಷದವರು 6 ಗಂಟೆಯ ಕೋರ್ಸ್ ಮಾಡಲೇಬೇಕು. 25 ತುಂಬಿದವರಿಗೆ ಕಡ್ಡಾಯ ಅಲ್ಲ. ಹಾಗಾದರೆ ನಿನಗ್ಯಾಕೆ ಅಂತ ತುಂಬಾ ಜನ ಕೇಳಿದರು. ನನ್ನ ಲೆಕ್ಕ ಬೇರೆ ಇತ್ತು. ಕೋರ್ಸಿನ ಕೊನೆಯ ಪರೀಕ್ಷೆ ಪಾಸಾದರೆ ಲೈಸೆನ್ಸ್ ಆಫೀಸಿನಲ್ಲಿ ಮತ್ತೆ ರೂಲ್ಸ್ ಪರೀಕ್ಷೆ ಬರೆಯಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ನನಗೆ ರಸ್ತೆಯ ಬಗ್ಗೆ ಏನೇನೂ ಗೊತ್ತಿರಲಿಲ್ಲ. ಕೋರ್ಸಿಗೆ ಟಿಡಿಎಲ್‌ಆರ್ ಅನ್ನೋ ರಾಜ್ಯ ಇಲಾಖೆಯ ಒಪ್ಪಿಗೆ ಇದೆಯಾ ಅಂತ ಮೊದಲು ನೋಡಿ, ಆಮೇಲೆ ದುಡ್ಡು ಕಟ್ಟಿ. ನಾನು ನೋಡಿದ ಒಂದು ಕೋರ್ಸಿಗೆ ಫೀಸು ಕಡಿಮೆ ಇತ್ತು. ಸರ್ಟಿಫಿಕೇಟ್ ಬೇಗ ಬೇಕು ಅಂದರೆ ಮಾತ್ರ ಬೇರೆ ದುಡ್ಡು ಕೇಳುತ್ತಿದ್ದರು.

ಮೊದಲ ದಿನ ಒಂದೇ ಪಟ್ಟಿಗೆ ಎರಡು ಗಂಟೆ ಕೂತೆ. ಪ್ರತಿ ಪುಟಕ್ಕೂ ಟೈಮರ್ ಇರುತ್ತದೆ. ನೀವು ಓದಿ ಮುಗಿಸಿದರೂ ಅದು ಮುಗಿಯುವವರೆಗೆ ಮುಂದಿನ ಪುಟ ತೆರೆಯುವುದಿಲ್ಲ. ಮಧ್ಯೆ ಮಧ್ಯೆ ನಮ್ಮ ಬಗ್ಗೆಯೇ ಪ್ರಶ್ನೆ ಬರುತ್ತದೆ, ಕೂತಿರುವುದು ನಾವೇ ಅಂತ ಖಾತ್ರಿ ಮಾಡಿಕೊಳ್ಳೋಕೆ. ಮಾರನೇ ದಿನ ಬೆಳಗ್ಗೆ ನೆನಪಿಸಿಕೊಂಡರೆ ತಲೆಯಲ್ಲಿ ಏನೂ ಇಲ್ಲ. ಇಂಗ್ಲಿಷ್ ಅರ್ಥವಾಗಿತ್ತು. ಆದರೆ ಯೀಲ್ಡ್ (ಬೇರೆಯವರಿಗೆ ದಾರಿ ಬಿಡುವುದು), ರೈಟ್ ಆಫ್ ವೇ (ಮೊದಲು ಹೋಗುವ ಹಕ್ಕು) ಅಂದರೆ ಕಣ್ಣ ಮುಂದೆ ಯಾವ ಚಿತ್ರವೂ ಬರುತ್ತಿರಲಿಲ್ಲ.

ಅವತ್ತಿಂದ ರೀತಿ ಬದಲಾಯಿಸಿದೆ. ದಿನಕ್ಕೆ ಅರ್ಧ ಗಂಟೆ ಮಾತ್ರ ಪಾಠ. ಸಂಜೆ ಅದೇ ಪಾಠವನ್ನು ರಸ್ತೆಯಲ್ಲಿ ನಡೆದುಕೊಂಡು ಹೋಗಿ ನೋಡುವುದು. ನನಗೆ ಡ್ರೈವಿಂಗ್ ಬಂದಿದ್ದರೆ ಅದರಲ್ಲಿ ಅರ್ಧ ಪಾಲು ಈ ನಡಿಗೆಯದ್ದು.

ನಮ್ಮ ಅಪಾರ್ಟ್‌ಮೆಂಟ್ ಎದುರಿನ ಕ್ರಾಸಿನಲ್ಲಿ ನಾಲ್ಕೂ ಕಡೆ ಸ್ಟಾಪ್ ಬೋರ್ಡು ಇದೆ. ಸಿಗ್ನಲ್ ಇಲ್ಲ, ಪೊಲೀಸ್ ಇಲ್ಲ. ಮೊದಲು ಬಂದು ನಿಂತವರು ಮೊದಲು ಹೋಗಬೇಕು. ಇಬ್ಬರು ಒಟ್ಟಿಗೆ ಬಂದರೆ ಬಲಗಡೆ ಇರುವವರಿಗೆ ದಾರಿ ಬಿಡಬೇಕು. ಪರದೆಯ ಮೇಲೆ ಇದು ನಾಲ್ಕು ಸಾಲು. ನಾನು ನೋಟ್‌ಬುಕ್ ಹಿಡಿದು ಫುಟ್‌ಪಾತಿನಲ್ಲಿ ಅರ್ಧ ಗಂಟೆ ನಿಂತೆ. ಕಾರು ಬರುತ್ತಿದ್ದಂತೆ ಮುಂದೆ ಯಾರು ಹೋಗಬೇಕು ಅಂತ ಮನಸ್ಸಿನಲ್ಲೇ ಹೇಳಿಕೊಳ್ಳುವುದು, ಆಮೇಲೆ ಯಾರು ಹೋದರು ಅಂತ ಗೀಟು ಹಾಕುವುದು. 41 ಕಾರು ಬಂದವು. ಅದರಲ್ಲಿ 9 ಪೂರ್ತಿ ನಿಲ್ಲಲೇ ಇಲ್ಲ. ನಿಂತಿದೆಯಾ ಅಂತ ತಿಳಿಯೋಕೆ ಚಕ್ರದ ನಡುವೆ ಇರುವ ಕಂಪನಿಯ ಗುರುತನ್ನು ನೋಡುತ್ತಿದ್ದೆ. ಕಾರು ನಿಧಾನಕ್ಕೆ ಉರುಳುತ್ತಿದ್ದರೆ ಆ ಗುರುತು ತಿರುಗುತ್ತಲೇ ಇರುತ್ತದೆ. ನಿಜವಾಗಿ ನಿಂತಾಗ ಅದೂ ನಿಲ್ಲುತ್ತದೆ, ಕಾರಿನ ಮೂತಿ ಒಂಚೂರು ಹಿಂದಕ್ಕೆ ವಾಲುತ್ತದೆ.

ಬೆಳಗ್ಗೆ ಮಕ್ಕಳು ಸ್ಕೂಲ್ ಬಸ್ ಹತ್ತುವ ಹೊತ್ತಿಗೆ ಇನ್ನೊಂದು ಪಾಠ. ಬಸ್ಸಿನ ಕೆಂಪು ದೀಪ ಮಿನುಗಿದರೆ ಹಿಂದಿನಿಂದ ಬರುವವರು ಮಾತ್ರ ಅಲ್ಲ, ಎದುರಿನಿಂದ ಬರುವವರೂ ನಿಲ್ಲಬೇಕು. ರಸ್ತೆಯ ನಡುವೆ ಕಟ್ಟೆಯೋ ಖಾಲಿ ಜಾಗವೋ ಇದ್ದರೆ ಮಾತ್ರ ಎದುರಿನವರಿಗೆ ವಿನಾಯಿತಿ. ಎಡಕ್ಕೆ ತಿರುಗುವವರಿಗೆ ನಡುವೆ ಹಳದಿ ಗೀಟಿನ ಲೇನ್ ಇರುತ್ತದಲ್ಲ, ಅದು ಕಟ್ಟೆಯ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ, ಇದರಲ್ಲಿ ಇರುವುದು ಮಕ್ಕಳ ಜೀವ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಅವತ್ತಿನ ಪಾಠವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. "ರಸ್ತೇಲಿ ಒಂದು ನರಪಿಳ್ಳೆ ಇಲ್ದೇ ಇದ್ರೂ ನಿಲ್ಲಿಸ್ಬೇಕೇನೇ?" ಅಂತ ಅಮ್ಮ ಕೇಳಿದರು. "ಹೂಂ ಕಣಮ್ಮ, ಪೂರ್ತಿ ನಿಲ್ಲಿಸ್ಬೇಕು" ಅಂದೆ. ಯಾಕೆ ಅಂತ ಅಮ್ಮನಿಗೆ ವಿವರಿಸೋಕೆ ಆಗದಿದ್ದರೆ ನನಗೇ ಅರ್ಥವಾಗಿಲ್ಲ ಅಂತ ಲೆಕ್ಕ. ಮತ್ತೆ ಆ ಪುಟಕ್ಕೆ ಹೋಗುತ್ತಿದ್ದೆ.

ಒಂದು ಅಭ್ಯಾಸ ಮಾತ್ರ ಸುಲಭಕ್ಕೆ ಬಿಡಲಿಲ್ಲ. ನಮ್ಮ ಕಡೆ ವಾಹನ ಎಡಗಡೆ ಹೋಗುತ್ತವೆ, ಹಾಗಾಗಿ ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುತ್ತೇವೆ. ಇಲ್ಲಿ ಮೊದಲು ಎಡಕ್ಕೆ ನೋಡಬೇಕು. ನಡೆಯುವಾಗಲೇ ಪ್ರತಿ ಕ್ರಾಸಿನಲ್ಲೂ "ಎಡ, ಬಲ, ಎಡ" ಅಂತ ಬಾಯಿಬಿಟ್ಟು ಹೇಳಿಕೊಂಡು ಕುತ್ತಿಗೆಗೆ ರೂಢಿ ಮಾಡಿಸಿದೆ.

ಹನ್ನೆರಡನೇ ದಿನ ಪರೀಕ್ಷೆ. 30 ಪ್ರಶ್ನೆ, 21 ಸರಿ ಇರಬೇಕು. ನನಗೆ 27 ಬಂತು.

ಲೈಸೆನ್ಸ್ ಆಫೀಸಿನಲ್ಲಿ ತೊಂದರೆ ಆಗಿದ್ದು ವಿಳಾಸದ ದಾಖಲೆಗೆ. ನಮ್ಮ ಹೆಸರು, ವಿಳಾಸ ಇರುವ ಎರಡು ಕಾಗದ ಬೇಕು. ಮನೆ ಬಾಡಿಗೆ, ಕರೆಂಟು, ಇಂಟರ್ನೆಟ್ ಎಲ್ಲಾ ಗಂಡನ ಹೆಸರಿನಲ್ಲಿತ್ತು. ಗಂಡ ಜೊತೆಗೆ ಬಂದು ಅಫಿಡವಿಟ್ ಕೊಟ್ಟರು, ಮದುವೆ ಸರ್ಟಿಫಿಕೇಟ್ ತೋರಿಸಿದೆವು. ಡಿಪೆಂಡೆಂಟ್ ವೀಸಾದಲ್ಲಿ, ಅಂದರೆ ಗಂಡನ ವೀಸಾದ ಆಧಾರದ ಮೇಲೆ ಬರುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟು: ಬಂದ ಮೊದಲ ತಿಂಗಳಲ್ಲೇ ಒಂದೆರಡು ಬಿಲ್ಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಪಾಸ್‌ಪೋರ್ಟ್, ಐ-94 (ಅಮೆರಿಕದೊಳಗೆ ಬಂದಿದ್ದರ ದಾಖಲೆ), ವೀಸಾ ಮಂಜೂರಾತಿ ಪತ್ರ ಅಸಲಿಯೇ ಇರಲಿ. ಸೋಷಿಯಲ್ ಸೆಕ್ಯುರಿಟಿ ನಂಬರ್ (ಇಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಇಲ್ಲ ಅಂತ ಹೆದರಬೇಡಿ, ಇಲ್ಲ ಅಂತ ಬರೆದು ಸಹಿ ಮಾಡಿದರೆ ಆಗುತ್ತದೆ. ಕಣ್ಣಿನ ಪರೀಕ್ಷೆ, ಹೆಬ್ಬೆಟ್ಟು, ಫೋಟೋ ಆಗಿ ಲರ್ನರ್ ಲೈಸೆನ್ಸ್ ಸಿಕ್ಕಿತು.

ಈಗ ಆನ್‌ಲೈನ್ ಕೋರ್ಸಿನ ದೊಡ್ಡ ಕೊರತೆ ಹೇಳುತ್ತೇನೆ. ದೊಡ್ಡವರ ಈ 6 ಗಂಟೆಯಲ್ಲಿ ಒಂದು ನಿಮಿಷ ಕೂಡ ಕಾರು ಓಡಿಸುವುದಿಲ್ಲ. ತಲೆಗೆ ಎಲ್ಲಾ ಗೊತ್ತು, ಕಾಲಿಗೆ ಏನೂ ಗೊತ್ತಿಲ್ಲ. ಲರ್ನರ್ ಇಟ್ಟುಕೊಂಡು ಓಡಿಸುವಾಗ ಪಕ್ಕದ ಸೀಟಿನಲ್ಲಿ ಲೈಸೆನ್ಸ್ ಇರುವ, 21 ತುಂಬಿದ, ಒಂದು ವರ್ಷವಾದರೂ ಓಡಿಸಿದ ಅನುಭವ ಇರುವವರು ಕೂತಿರಬೇಕು. ಮೊದಲು ಇನ್‌ಸ್ಟ್ರಕ್ಟರ್ ಹತ್ತಿರ ಎರಡೆರಡು ಗಂಟೆಯ ಮೂರು ಕ್ಲಾಸು ತೆಗೆದುಕೊಂಡೆ. ಅವರ ಕಾರಿನಲ್ಲಿ ಅವರ ಕಡೆಗೂ ಒಂದು ಬ್ರೇಕ್ ಇರುತ್ತದೆ, ಆ ಧೈರ್ಯವೇ ಬೇರೆ. ಆಮೇಲೆ ಪಕ್ಕದ ಬ್ಲಾಕಿನ ದಾವಣಗೆರೆಯ ಅಕ್ಕ ಜೊತೆಗೆ ಬಂದರು. ವಾರದ ದಿನ ಖಾಲಿ ಇರುವ ಚರ್ಚಿನ ಪಾರ್ಕಿಂಗಿನಲ್ಲಿ ಒಂದು ಗಂಟೆ ಸುಮ್ನೆ ಬ್ರೇಕ್ ಒತ್ತಿಸಿದರು. "ಆಕ್ಸಿಲರೇಟರ್ ತಂಟೆಗೇ ಹೋಗ್ಬ್ಯಾಡ. ಬ್ರೇಕ್ ಬಿಟ್ರೆ ಕಾರು ತಾನೇ ತೆವಳ್ತೈತಿ, ನೋಡು" ಅಂದರು. ಡ್ಯಾಶ್‌ಬೋರ್ಡಿನ ಮೇಲೆ ಮುಚ್ಚಳ ಇಲ್ಲದ ಲೋಟದಲ್ಲಿ ಅರ್ಧ ನೀರು ಇಟ್ಟರು. ನೀರು ಚೆಲ್ಲದ ಹಾಗೆ ನಿಲ್ಲಿಸೋಕೆ ಬಂದಿದ್ದು ನಾಲ್ಕನೇ ದಿನ.

ಪ್ಯಾರಲೆಲ್ ಪಾರ್ಕಿಂಗ್‌ಗೆ, ಅಂದರೆ ರಸ್ತೆ ಅಂಚಿಗೆ ಉದ್ದಕ್ಕೆ ಕಾರು ನಿಲ್ಲಿಸೋಕೆ, ಎರಡು ಕಸದ ಡಬ್ಬಿ ಇಟ್ಟುಕೊಂಡು ತಿಂಗಳಿಡೀ ಅಭ್ಯಾಸ ಮಾಡಿದೆ. ಡ್ರೈವಿಂಗ್ ಟೆಸ್ಟಿನಲ್ಲಿ ಮೊದಲು ಮಾಡಿಸಿದ್ದೇ ಅದು.

ಟೆಸ್ಟಿಗೆ ಮುಂಚೆ ಇಂಪ್ಯಾಕ್ಟ್ ಟೆಕ್ಸಸ್ ಅಡಲ್ಟ್ ಡ್ರೈವರ್ಸ್ ಅನ್ನುವ ಒಂದು ಗಂಟೆಯ ಉಚಿತ ವಿಡಿಯೋ ನೋಡಬೇಕು. ಗಮನ ಬೇರೆ ಕಡೆ ಇಟ್ಟು ಓಡಿಸಿದರೆ ಏನಾಗುತ್ತದೆ ಅನ್ನುವುದೇ ಅದರ ವಿಷಯ. ನೋಡಿದ ಮೇಲೆ ಫೋನನ್ನು ಹಿಂದಿನ ಸೀಟಿನ ಬ್ಯಾಗಿನಲ್ಲಿ ಇಡುವುದು ರೂಢಿ ಮಾಡಿಕೊಂಡೆ, ಇವತ್ತಿಗೂ ಹಾಗೇ ಇಡುತ್ತೇನೆ. ಅದರ ಸರ್ಟಿಫಿಕೇಟ್ 90 ದಿನಕ್ಕೆ ಮಾತ್ರ. ಟೆಸ್ಟಿನ ದಿನ ಗೊತ್ತಾದ ಮೇಲೆಯೇ ನೋಡಿ.

ಮೊದಲ ಟೆಸ್ಟಿನಲ್ಲಿ ಫೇಲಾದೆ. 30 ಅಂಕದವರೆಗೆ ಕಳೆದುಕೊಳ್ಳಬಹುದು, ನನಗೆ 34 ಹೋಗಿತ್ತು. ಲೇನ್ ಬದಲಾಯಿಸುವಾಗ ಕನ್ನಡಿ ನೋಡಿದೆ, ಭುಜದ ಮೇಲಿಂದ ತಿರುಗಿ ನೋಡಲಿಲ್ಲ. ಇನ್ನೊಂದು, ಸ್ಟಾಪ್ ಬೋರ್ಡಿನಲ್ಲಿ ಕಾರು ಪೂರ್ತಿ ನಿಂತಿರಲಿಲ್ಲ. ಆ 9 ಕಾರುಗಳ ಲೆಕ್ಕ ಬರೆದುಕೊಂಡಿದ್ದು ನಾನೇ ಅಲ್ವಾ, ಅದಕ್ಕೇ ತುಂಬಾ ಬೇಜಾರಾಯಿತು. ಹೊರಗಿನಿಂದ ಚಕ್ರ ಕಾಣುತ್ತದೆ, ಒಳಗೆ ಕೂತವರಿಗೆ ಕಾಣುವುದಿಲ್ಲ. ಅಕ್ಕನಿಗೆ ಹೇಳಿದೆ. ಅವರು ಅವತ್ತು ಸಂಜೆ ಕಾರಿನಲ್ಲಿ ಕೂರಿಸಿಕೊಂಡು ಅದೇ ಕ್ರಾಸಿಗೆ ಕರೆದುಕೊಂಡು ಹೋದರು. ಮೂತಿ ಹಿಂದಕ್ಕೆ ವಾಲುವುದು ಬೆನ್ನಿಗೆ ಗೊತ್ತಾಗಬೇಕು, ಆಮೇಲೆ "ಒಂದು, ಎರಡು, ಮೂರು" ಎಣಿಸಬೇಕು, ಆಮೇಲೆ ಹೊರಡಬೇಕು. ಹತ್ತು ದಿನ ಇದೊಂದೇ ಮಾಡಿದೆವು.

ಎರಡನೇ ಸಲ ಪಾಸಾದೆ. ಕೈಗೆ ಕೊಟ್ಟಿದ್ದು ತಾತ್ಕಾಲಿಕ ಕಾಗದ, ಕಾರ್ಡು ಆಮೇಲೆ ಪೋಸ್ಟಿನಲ್ಲಿ ಬಂತು. ಕಾರ್ಡಿನ ಅವಧಿ ನಮಗೆ ಇಲ್ಲಿ ಇರೋಕೆ ಅನುಮತಿ ಇದ್ದಷ್ಟೇ ದಿನ. ಆ ತಾರೀಕನ್ನು ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಮುಂಚೆಯೇ ಗುರುತು ಹಾಕಿಟ್ಟಿದ್ದೇನೆ.

ಮಾರನೇ ದಿನ ಮಧ್ಯಾಹ್ನ ಮಗನನ್ನು ಕರೆತರೋಕೆ ಒಬ್ಬಳೇ ಹೊರಟೆ. ಸ್ಕೂಲ್ ಝೋನಿನಲ್ಲಿ 20 ಮೈಲಿ ವೇಗ. ಕಾರುಗಳ ಸಾಲಿನಲ್ಲಿ ನನ್ನ ಮುಂದೆ ಹದಿನಾಲ್ಕು ಕಾರು ಇದ್ದವು. ಒಂದೊಂದು ಮುಂದೆ ಹೋದಂತೆ ನಾನೂ ಬ್ರೇಕ್ ಬಿಟ್ಟು ತೆವಳಿಸಿದೆ. ಮಗ ಓಡಿ ಬಂದು ಹಿಂದಿನ ಬಾಗಿಲು ತೆಗೆದ, ಸೀಟ್ ಬೆಲ್ಟ್ ಹಾಕಿಕೊಂಡ. ಆಮೇಲೆ ಪಕ್ಕದ ಸೀಟಿನ ಕಡೆ ಬಗ್ಗಿ ನೋಡಿ, "ಅಮ್ಮಾ, ಆಂಟಿ ಬಂದಿಲ್ವಾ?" ಅಂತ ಕೇಳಿದ.